ಹೊಸ ಪಿಕಪ್‌ನ ಬಾಗಿಲ ಸಂದು ಎಡಕ್ಕೊಂದು, ಬಲಕ್ಕೊಂದು: ಇದು ದೋಷವೇ, ಮಾಮೂಲಿಯೇ?

ಸಾಲ ಮಾಡಿ ತಂದ ಹೊಸ ಪಿಕಪ್. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆಯೂ ಆಯಿತು. ಮರುದಿನ ಬೆಳಗ್ಗೆ ಗಾಡಿ ಒರೆಸುವಾಗ ಕಣ್ಣಿಗೆ ಬೀಳುತ್ತದೆ: ಎಡಬಾಗಿಲಿನ ಸಂದಿನಲ್ಲಿ ಉಗುರು ಹೋಗುವುದೇ ಕಷ್ಟ, ಬಲಬಾಗಿಲಿನ ಸಂದಿನಲ್ಲಿ ಪೆನ್ಸಿಲ್ ತೂರುತ್ತದೆ. ಶೋರೂಮಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: 'ಎಲ್ಲ ಗಾಡೀನೂ ಹೀಗೇ ಇರುತ್ತೆ ಸಾರ್'.

ಈ ಉತ್ತರ ಅರ್ಧ ನಿಜ. ಯಾವ ಅರ್ಧ ನಿಜ ಎಂದು ಗೊತ್ತಿದ್ದರೆ ಸುಮ್ಮನೆ ಜಗಳವಾಡುವುದೂ ತಪ್ಪುತ್ತದೆ, ಮೋಸ ಹೋಗುವುದೂ ತಪ್ಪುತ್ತದೆ.

ಪ್ಯಾನಲ್ ಗ್ಯಾಪ್ ಎಂಬ ಈ ವಿಷಯ ಜಗತ್ತಿನಾದ್ಯಂತ ಚರ್ಚೆಯಾಗಿದ್ದು ಅಮೆರಿಕದ ಟೆಸ್ಲಾ ಸೈಬರ್‌ಟ್ರಕ್‌ನಿಂದ. ಬಣ್ಣವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಮೈಯ ಈ ಪಿಕಪ್ ಗ್ರಾಹಕರ ಕೈ ಸೇರತೊಡಗಿದ್ದು 2023ರ ನವೆಂಬರ್ 30ರಂದು. ಅದಕ್ಕೂ ಮೂರು ತಿಂಗಳು ಮೊದಲು, ಆಗಸ್ಟ್‌ನಲ್ಲಿ, ಎಲಾನ್ ಮಸ್ಕ್ ತಮ್ಮ ಸಿಬ್ಬಂದಿಗೆ ಕಳಿಸಿದ ಇಮೇಲ್ ಬಹಿರಂಗವಾಗಿತ್ತು. ಗಾಡಿಯ ಪ್ರತಿ ಭಾಗವೂ 10 ಮೈಕ್ರಾನ್‌ಗಿಂತ ಕಡಿಮೆ ವ್ಯತ್ಯಾಸದಲ್ಲಿ ತಯಾರಾಗಬೇಕು, ಲೆಗೊ ಆಟಿಕೆ ಮತ್ತು ಸೋಡಾ ಕ್ಯಾನ್ ಮಾಡುವವರಿಗೆ ಸಾಧ್ಯವಾದರೆ ನಮಗೂ ಸಾಧ್ಯ ಎಂಬುದು ಅದರ ಸಾರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮನುಷ್ಯನ ಕೂದಲೇ ಸಾಮಾನ್ಯವಾಗಿ 50 ಮೈಕ್ರಾನ್‌ಗಿಂತ ದಪ್ಪ ಇರುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಲೋಹಕ್ಕೆ ಇಮೇಲ್ ಓದಲು ಬರುವುದಿಲ್ಲ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಹಾಳೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 16 ಮೈಕ್ರಾನ್ ಹಿಗ್ಗುತ್ತದೆ. ಅಂದರೆ ನೆರಳಿನಿಂದ ಬಿಸಿಲಿಗೆ ತಂದರೆ ಸಾಕು, 10 ಮೈಕ್ರಾನ್ ಲೆಕ್ಕ ಮುಗಿಯಿತು. ಗಾಡಿಗಳು ಬಂದ ಮೇಲೆ ಬಾಗಿಲುಗಳ ಅಂಚು ಹೊಂದಿಕೆಯಾಗದ ಫೋಟೊಗಳು ಹರಿದಾಡಿದವು. ಮಸ್ಕ್ ಅದೇ ಇಮೇಲ್‌ನಲ್ಲಿ ಹೇಳಿದ ಇನ್ನೊಂದು ಮಾತು ಮಾತ್ರ ಸರಿಯಾಗಿತ್ತು: ನೇರ ಗೆರೆಗಳ, ಹೊಳೆಯುವ ಮೈಯಲ್ಲಿ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ದುಂಡಗಿನ ಅಂಚಿನ, ಗಾಢ ಬಣ್ಣದ ಗಾಡಿಯಲ್ಲಿ ಅಷ್ಟೇ ವ್ಯತ್ಯಾಸ ಇದ್ದರೂ ಕಣ್ಣು ಗಮನಿಸುವುದಿಲ್ಲ.

ಸಂದು ಏರುಪೇರಾಗುವುದು ಎಲ್ಲಿ?

ಸಾಮಾನ್ಯ ಗಾಡಿಗಳಲ್ಲಿ ಬಾಗಿಲ ಸುತ್ತ ಮೂರರಿಂದ ಐದು ಮಿಲಿಮೀಟರ್ ಸಂದು ಬೇಕೆಂದೇ ಬಿಡುತ್ತಾರೆ. ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಲೋಹಕ್ಕೆ ಲೋಹ ಉಜ್ಜುತ್ತದೆ. ಅಚ್ಚಿನಲ್ಲಿ ಒತ್ತಿ ತೆಗೆದ ಪ್ರತಿ ಹಾಳೆಯ ಅಳತೆಯಲ್ಲೂ ಒಂದಿಷ್ಟು ಹೆಚ್ಚು ಕಡಿಮೆಗೆ ಅವಕಾಶ ಇರುತ್ತದೆ. ಕಂಬ ಅರ್ಧ ಮಿಲಿಮೀಟರ್ ಆಚೆ, ಕೀಲು ಅರ್ಧ ಮಿಲಿಮೀಟರ್ ಈಚೆ, ಬಾಗಿಲು ಇನ್ನೊಂದಿಷ್ಟು ವಾಲಿದ್ದರೆ ಎಲ್ಲ ಬಿಡಿಭಾಗಗಳೂ ತಪಾಸಣೆಯಲ್ಲಿ ಪಾಸಾಗಿರುತ್ತವೆ, ಜೋಡಿಸಿದ ಬಾಗಿಲು ಮಾತ್ರ ವಕ್ರವಾಗಿರುತ್ತದೆ.

ಬಾಗಿಲಿನ ಕಥೆ ಇನ್ನೂ ಸ್ವಾರಸ್ಯಕರ. ಹಲವು ಕಾರ್ಖಾನೆಗಳಲ್ಲಿ ಬಣ್ಣ ಒಂದೇ ತೆರನಾಗಿ ಬರಲೆಂದು ಬಾಗಿಲನ್ನು ಬಾಡಿಗೆ ಜೋಡಿಸಿಯೇ ಪೇಂಟ್ ಮಾಡುತ್ತಾರೆ. ಆಮೇಲೆ ಒಳಗಿನ ಕೆಲಸಕ್ಕೆ ಅಡ್ಡಿಯಾಗದಂತೆ ಬಿಚ್ಚಿ, ಕೊನೆಗೆ ಮತ್ತೆ ಕೂರಿಸುತ್ತಾರೆ. ಅಷ್ಟರಲ್ಲಿ ಗಾಜು, ಮೋಟರ್, ಸ್ಪೀಕರ್ ಸೇರಿ ಬಾಗಿಲಿನ ತೂಕ ಹೆಚ್ಚಾಗಿರುತ್ತದೆ. ಈ ಭಾರಕ್ಕೆ ಅದು ಎಷ್ಟು ಇಳಿಯುತ್ತದೆ ಎಂದು ಮೊದಲೇ ಅಂದಾಜು ಮಾಡಿ, ಖಾಲಿ ಬಾಗಿಲನ್ನು ತುಸು ಮೇಲಕ್ಕೇ ಕೂರಿಸಿರುತ್ತಾರೆ. ಅಂದಾಜು ತಪ್ಪಿದರೆ ಮೇಲಿನ ಸಂದು ಅಗಲ, ಕೆಳಗಿನದು ಕಿರಿದು. ಇದು ಕೀಲಿನ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದಾದ ತೊಂದರೆ.

ಪಿಕಪ್‌ಗಳಲ್ಲಿ ಇನ್ನೊಂದು ವಿಶೇಷವಿದೆ. ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್, ಟೊಯೊಟಾ ಹೈಲಕ್ಸ್ ಇವೆಲ್ಲ ಏಣಿಯಂಥ ಚಾಸಿಯ ಮೇಲೆ ಕೂತ ಗಾಡಿಗಳು. ಕ್ಯಾಬಿನ್ ಬೇರೆ, ಹಿಂದಿನ ಲೋಡ್ ಬಾಡಿ ಬೇರೆ. ಭಾರ ಹೇರಿದಾಗ, ಹಳ್ಳ ದಿಣ್ಣೆಯಲ್ಲಿ ಓಡಿದಾಗ ಚಾಸಿ ತಿರುಚುತ್ತದೆ. ಆಗ ಇವೆರಡೂ ಒಂದಕ್ಕೊಂದು ಬಡಿಯಬಾರದೆಂದೇ ನಡುವೆ ಅಗಲವಾದ ಸಂದು ಬಿಟ್ಟಿರುತ್ತಾರೆ. ಹಾಗಾಗಿ ಕ್ಯಾಬಿನ್ ಮತ್ತು ಲೋಡ್ ಬಾಡಿ ನಡುವಿನ ಸಂದು ದೊಡ್ಡದಿದೆ ಎಂದು ಗಾಬರಿಯಾಗಬೇಕಿಲ್ಲ. ಬರೀ ಚಾಸಿ-ಕ್ಯಾಬಿನ್ ಖರೀದಿಸಿ ಹೊರಗೆ ಬಾಡಿ ಕಟ್ಟಿಸಿದ್ದರೆ ಆ ಸಂದಿಗೆ ಕಂಪನಿ ಹೊಣೆಯೂ ಅಲ್ಲ. ಬಾಗಿಲಿನ ಸಂದು ಹಾಗಲ್ಲ. ಅದು ಒಂದೇ ಕ್ಯಾಬಿನ್ನಿನೊಳಗಿನ ವಿಷಯ.

ಯಾವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು?

ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಗಲು ಬೆಳಕಿನಲ್ಲಿ ನೋಡಿ. ಸಂದಿನ ಅಗಲಕ್ಕಿಂತ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದು ಮುಖ್ಯ. ಮುಚ್ಚುವ ಕೊನೆಯ ಕ್ಷಣದಲ್ಲಿ ಬಾಗಿಲು ತುಸು ಮೇಲಕ್ಕೆ ಎಗರಿದರೆ ಅದು ಇಳಿದಿದೆ ಎಂದರ್ಥ. ರಬ್ಬರ್ ಬೀಡಿಂಗ್ ಮೇಲೆ ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಒತ್ತಿಕೊಂಡಿಲ್ಲ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಒಳಗಿಳಿಯಬಹುದು. ಅಂಚು ಉಜ್ಜಿ ಬಣ್ಣ ಎದ್ದಿದ್ದರೆ ತುಕ್ಕು ಅಲ್ಲಿಂದ ಶುರುವಾಗುತ್ತದೆ.

ಕೀಲಿನ ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತು ಕಂಡ ಮಾತ್ರಕ್ಕೆ ಅದು ಅಪಘಾತದ ಗಾಡಿ ಎನ್ನಲಾಗದು, ಕಾರ್ಖಾನೆಯಲ್ಲೇ ಹೊಂದಿಸಿರಬಹುದು. ಆದರೆ ಪಕ್ಕದ ಪ್ಯಾನಲ್‌ಗೂ ಇದಕ್ಕೂ ಬಣ್ಣದಲ್ಲಿ ವ್ಯತ್ಯಾಸ, ರಬ್ಬರ್ ಮೇಲೆ ಪೇಂಟ್ ಹನಿ ಇದ್ದರೆ ಸಾಗಣೆಯಲ್ಲೋ ಯಾರ್ಡ್‌ನಲ್ಲೋ ಪೆಟ್ಟು ಬಿದ್ದು ರಿಪೇರಿಯಾಗಿದೆಯೇ ಎಂದು ಲಿಖಿತವಾಗಿ ಕೇಳಿ.

ಸೈಬರ್‌ಟ್ರಕ್‌ನಲ್ಲೂ ನಿಜವಾದ ಅಪಾಯ ಇದ್ದದ್ದು ಜನ ಗೇಲಿ ಮಾಡಿದ ಬಾಗಿಲ ಸಂದಿನಲ್ಲಲ್ಲ. ವಿಂಡ್‌ಶೀಲ್ಡ್ ಪಕ್ಕದಿಂದ ಚಾವಣಿಯ ಅಂಚಿನುದ್ದಕ್ಕೂ ಹೋಗುವ ಸ್ಟೀಲ್ ಪಟ್ಟಿಯನ್ನು ಅಂಟಿನಿಂದ ಕೂರಿಸಲಾಗಿತ್ತು. ಅಂಟು ಬಿಟ್ಟು ಪಟ್ಟಿ ಓಡುವ ಗಾಡಿಯಿಂದ ಕಳಚಿ ಬೀಳುವ ಸಾಧ್ಯತೆಯಿಂದಾಗಿ 2025ರ ಮಾರ್ಚ್‌ನಲ್ಲಿ 46,096 ಗಾಡಿಗಳನ್ನು ಹಿಂದಕ್ಕೆ ಕರೆಸಲಾಯಿತು. ಆದ್ದರಿಂದ ಹೊರಗಿನ ಪಟ್ಟಿ, ಪ್ಯಾನಲ್‌ಗಳನ್ನು ಒಮ್ಮೆ ಕೈಯಿಂದ ಒತ್ತಿ ನೋಡಿ. ಅಲುಗಾಡಬಾರದು, ಟಕಟಕ ಸದ್ದು ಬರಬಾರದು.

ಇಷ್ಟನ್ನೂ ಮಾಡಬೇಕಾದ್ದು ನೋಂದಣಿಗೆ ಮೊದಲು, ಡೀಲರ್ ಯಾರ್ಡ್‌ನಲ್ಲಿ. ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆ ಬೇರೆ ಗಾಡಿ ಕೊಡಿ ಎಂದು ಕೇಳುವುದು ಬಹಳ ಕಷ್ಟ. ರಿಪೇರಿಯಷ್ಟೇ ಸಿಗುತ್ತದೆ.

ಪಿಕಪ್ ಕೊಳ್ಳುವವರು ತಿಳಿದಿರಬೇಕಾದ ಕಾನೂನಿನ ಅಂಶವೊಂದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವರು ಗ್ರಾಹಕರಲ್ಲ. ಹಾಗೆಂದು ಡೀಲರ್ ಹೇಳಿದ ತಕ್ಷಣ ಸುಮ್ಮನಾಗಬೇಡಿ. ಸ್ವಯಂ ಉದ್ಯೋಗದ ಮೂಲಕ ಹೊಟ್ಟೆಪಾಡಿಗಾಗಿಯೇ ಕೊಂಡು ಬಳಸುವುದನ್ನು ಅದೇ ಕಾಯ್ದೆ ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಸ್ವಂತ ಪಿಕಪ್ ತಾನೇ ಓಡಿಸುವ ಚಾಲಕ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹತ್ತಾರು ಗಾಡಿ ಇಟ್ಟುಕೊಂಡ ಟ್ರಾನ್ಸ್‌ಪೋರ್ಟ್ ಮಾಲೀಕರಿಗೆ ಈ ದಾರಿ ಸುಲಭವಲ್ಲ. ಗಾಡಿಯನ್ನು ಊರಿನಲ್ಲಿ ಕೊಂಡು ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿದ್ದರೆ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶವಿದೆ. ಗಡುವು ಎರಡು ವರ್ಷ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನೋಡಲು ಚೆನ್ನಾಗಿಲ್ಲ ಎಂಬುದೊಂದೇ ದೂರಾದರೆ ವಾದ ನಿಲ್ಲುವುದು ಕಷ್ಟ. ನೀರು ಸೋರುತ್ತದೆ, ಬಾಗಿಲು ಸರಿಯಾಗಿ ಲಾಕ್ ಆಗುತ್ತಿಲ್ಲ ಎಂಬ ದೂರು ಪ್ರತಿ ಸಲವೂ ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್‌ನಲ್ಲಿ ದಾಖಲಾಗಿದ್ದರೆ ಮಾತೇ ಬೇರೆ. ಬಾಯಲ್ಲಿ ಹೇಳಿ ಬರಬೇಡಿ, ಕಾರ್ಡ್‌ನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಸಂದಿನ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ, ಎಡ ಮತ್ತು ಬಲ ಎರಡನ್ನೂ.