ಬೆಂಕಿ ಎಲ್ಲಿ ಎಂದು ಹೇಳಬಲ್ಲ ಗಂಟೆ: ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು

ಗೋದಾಮು, ವಾಣಿಜ್ಯ ಸಂಕೀರ್ಣ ಅಥವಾ ವಸತಿಗೃಹ ಕಟ್ಟಿಸುವವರು ಲೆಕ್ಕಪರಿಶೋಧಕರ ಮುಂದಿಡುವ ಅಂದಾಜುಪಟ್ಟಿಗಳಲ್ಲಿ ‘ಅಡ್ರೆಸೆಬಲ್ ಫೈರ್ ಅಲಾರ್ಮ್ ವ್ಯವಸ್ಥೆ’ ಎಂಬ ಬಾಬ್ತು ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿದೆ. ಬ್ಯಾಂಕಿನವರು ಕೇಳುತ್ತಾರೆ, ವಿಮಾ ಕಂಪೆನಿಯವರು ಕೇಳುತ್ತಾರೆ, ಮಾಲೀಕರು ಹಾಕಿಸುತ್ತಾರೆ. ಕೊಟ್ಟ ಹಣಕ್ಕೆ ಕೈಗೆ ಬಂದದ್ದೇನು ಎಂದು ವಿಚಾರಿಸುವವರು ಮಾತ್ರ ವಿರಳ. ಗೋಡೆಗೆ ಕೆಂಪು ಪೆಟ್ಟಿಗೆ, ಛಾವಣಿಗೆ ಬಿಳಿ ಬಟ್ಟಲುಗಳು, ನಡುವೆ ತಂತಿ. ಬಿಲ್ಲು ಪಾವತಿಯಾದರೆ ಕೆಲಸ ಮುಗಿಯಿತು ಎಂಬ ಭಾವನೆ ವರ್ತಕರಲ್ಲಿದೆ. ವಾಸ್ತವವಾಗಿ ಆ ಬಟ್ಟಲುಗಳನ್ನು ಪೆಟ್ಟಿಗೆಗೆ ಜೋಡಿಸುವ ಕ್ರಮದಲ್ಲಿಯೇ ಈ ಹೂಡಿಕೆಯ ಮುಕ್ಕಾಲು ಮೌಲ್ಯ ಅಡಗಿದೆ.

ಸುಳ್ಯದಿಂದ ಅಜ್ಜಾವರ ದಾಟಿ ಕೇರಳದ ಗಡಿಯ ಬಳಿಯಿರುವ ಮಂಡೆಕೋಲಿನಂಥ ಗ್ರಾಮವನ್ನು ಗಮನಿಸೋಣ. ಅಡಿಕೆ, ರಬ್ಬರ್, ಗೇರುಬೀಜ ಇಲ್ಲಿಯ ಜೀವಾಳ. ಧಾರಣೆ ಏರುವುದನ್ನು ಕಾಯುತ್ತ ಅಡಿಕೆಯನ್ನು ತಿಂಗಳುಗಟ್ಟಲೆ ಗೋಣಿಚೀಲಗಳಲ್ಲಿ ದಾಸ್ತಾನಿಡುವುದು ನಮ್ಮ ಕಡೆಯ ರೂಢಿ. ಹೀಗೆ ಒಂದು ಸಾಧಾರಣ ಗೋದಾಮಿನಲ್ಲಿ ಒಂದು ಕುಟುಂಬದ ಹಲವು ವರ್ಷಗಳ ದುಡಿಮೆ ಕುಳಿತಿರುತ್ತದೆ. ಅಗ್ನಿಶಾಮಕ ವಾಹನವಾದರೋ ಪೇಟೆಯಿಂದ ತಿರುವುಮುರುವಿನ ಗುಡ್ಡದ ರಸ್ತೆಯಲ್ಲಿ ಬರಬೇಕು. ಆದ್ದರಿಂದ ಮೊದಲ ಕಾಲು ಗಂಟೆ ಕಾವಲುಗಾರನ ಕೈಯಲ್ಲಿದೆ. ಆ ಕಾಲು ಗಂಟೆಯಲ್ಲಿ ಯಾವ ಬಾಗಿಲಿನ ಬೀಗ ತೆಗೆಯಬೇಕೆಂದು ಅವನಿಗೆ ತಿಳಿಸುವುದೇ ಅಡ್ರೆಸೆಬಲ್ ವ್ಯವಸ್ಥೆಯ ಪ್ರಯೋಜನ.

ಹಳೆಯ ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಒಂದು ವಲಯದ ಎಲ್ಲ ಡಿಟೆಕ್ಟರುಗಳೂ ಒಂದೇ ಜೋಡಿ ತಂತಿಯ ಮೇಲಿರುತ್ತವೆ. ತಂತಿಯ ತುದಿಯಲ್ಲೊಂದು ರೆಸಿಸ್ಟರ್ ಇರುತ್ತದೆ. ಯಾವ ಡಿಟೆಕ್ಟರ್ ಹೊಗೆ ಕಂಡರೂ ವಿದ್ಯುತ್ ಪ್ರವಾಹ ಹೆಚ್ಚುತ್ತದೆ, ಪ್ಯಾನೆಲ್ ‘ಎರಡನೆಯ ವಲಯ’ ಎನ್ನುತ್ತದೆ, ಅಷ್ಟೆ. ಅಡ್ರೆಸೆಬಲ್ ವ್ಯವಸ್ಥೆಯಲ್ಲಿ ಅದೇ ಎರಡು ತಂತಿಗಳು ವಿದ್ಯುತ್ತನ್ನೂ ಸಂದೇಶವನ್ನೂ ಒಟ್ಟಿಗೆ ಒಯ್ಯುತ್ತವೆ. ಪ್ರತಿಯೊಂದು ಡಿಟೆಕ್ಟರಿಗೂ ಒಂದು ಸಂಖ್ಯೆ ಇರುತ್ತದೆ. ಪ್ಯಾನೆಲ್ ಕ್ಷಣಕ್ಷಣಕ್ಕೂ ಒಂದೊಂದೇ ಸಂಖ್ಯೆಯನ್ನು ಕರೆದು ಹಾಜರಿ ತೆಗೆದುಕೊಳ್ಳುತ್ತದೆ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಒಟ್ಟು ಮೊತ್ತ ಮಾತ್ರ ತೋರಿಸುವ ರೋಜುಕೀರ್ದಿ. ಎರಡನೆಯದು ಪ್ರತಿ ಗಿರಾಕಿಗೂ ಪ್ರತ್ಯೇಕ ಪುಟವಿರುವ ಖಾತೆ ಪುಸ್ತಕ.

ಸಂಖ್ಯೆ ಕೊಡುವ ವಿಧಾನ ಕಂಪೆನಿಯಿಂದ ಕಂಪೆನಿಗೆ ಬೇರೆ. ಕೆಲವದರಲ್ಲಿ ಹಲ್ಲಿನಂತಿರುವ ಏಳು ಪುಟ್ಟ ಸ್ವಿಚ್ಚುಗಳಿದ್ದು ಅವುಗಳ ಬೆಲೆ ಕ್ರಮವಾಗಿ 1, 2, 4, 8, 16, 32, 64. ಎರಡನೆಯದನ್ನೂ ಆರನೆಯದನ್ನೂ ಒತ್ತಿದರೆ 34. ಕೆಲವದರಲ್ಲಿ ತಿರುಗಿಸುವ ಅಂಕಿಚಕ್ರ ಇರುತ್ತದೆ, ಇನ್ನು ಕೆಲವಕ್ಕೆ ಕೈಯಲ್ಲಿ ಹಿಡಿಯುವ ಉಪಕರಣದಿಂದ ಸಂಖ್ಯೆ ತುಂಬಬೇಕು. ಏಣಿಯ ಮೇಲೆ ನಿಂತು ಸಂಜೆಯೊಳಗೆ ಕೆಲಸ ಮುಗಿಸುವ ಆತುರದಲ್ಲಿ ಎರಡು ಡಿಟೆಕ್ಟರುಗಳಿಗೆ ಒಂದೇ ಸಂಖ್ಯೆ ಬೀಳುವುದು ಅಪರೂಪವಲ್ಲ. ಒಳ್ಳೆಯ ಪ್ಯಾನೆಲ್ ಇದನ್ನು ದೋಷವೆಂದು ತೋರಿಸುತ್ತದೆ. ಆದರೆ 34ನ್ನು ಹಾಕಬೇಕಾದ ಕೋಣೆಯಲ್ಲಿ 35ನ್ನೂ 35ರ ಕೋಣೆಯಲ್ಲಿ 34ನ್ನೂ ಹಾಕಿದರೆ ಯಾವ ಪ್ಯಾನೆಲ್ಲಿಗೂ ಅದು ತಿಳಿಯದು. ಜಮೆ ಖರ್ಚು ಎರಡೂ ತಾಳೆಯಾಗಿ ಗಿರಾಕಿಯ ಹೆಸರು ಮಾತ್ರ ಅದಲುಬದಲಾದ ಖಾತೆಯಂತೆ ಅದು. ತಾಳೆಪಟ್ಟಿಯಲ್ಲಿ ಈ ತಪ್ಪು ಎಂದೂ ಸಿಕ್ಕುವುದಿಲ್ಲ.

ಹೋಗಿ ಮರಳಿ ಬರುವ ತಂತಿ

ತಂತಿ ಪ್ಯಾನೆಲ್ಲಿನಿಂದ ಹೊರಟು ಎಲ್ಲ ಡಿಟೆಕ್ಟರುಗಳನ್ನೂ ಮುಟ್ಟಿ ಮತ್ತೆ ಪ್ಯಾನೆಲ್ಲಿಗೇ ಬರಬೇಕು. ಇದಕ್ಕೆ ಲೂಪ್ ಎನ್ನುತ್ತಾರೆ. ಇಲಿ ಕಡಿದು ಒಂದು ಕಡೆ ತುಂಡಾದರೆ ಪ್ಯಾನೆಲ್ ಎರಡು ತುದಿಗಳಿಂದಲೂ ವಿದ್ಯುತ್ ಕೊಟ್ಟು ಎಲ್ಲವನ್ನೂ ಜೀವಂತವಾಗಿಡುತ್ತದೆ, ದೋಷವನ್ನೂ ತಿಳಿಸುತ್ತದೆ. ತುಂಡಾಗದೆ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ? ಆಗ ಕೆಲಸಕ್ಕೆ ಬರುವುದು ಐಸೊಲೇಟರ್. ಅದು ಕೆಟ್ಟ ಭಾಗವನ್ನಷ್ಟೇ ಬೇರ್ಪಡಿಸುತ್ತದೆ. ಐಸೊಲೇಟರ್ ಇಲ್ಲದಿದ್ದಲ್ಲಿ ಒಂದೇ ಕಡೆಯ ತಾಗುವಿಕೆಯಿಂದ ಇಡೀ ಲೂಪ್ ಮೂಕವಾಗುತ್ತದೆ. ಕೊಟೇಷನ್ನಿನ ಬೆಲೆ ತಗ್ಗಿಸಲು ಮೊದಲು ಕೈಬಿಡುವ ವಸ್ತುವೂ ಇದೇ. ಎರಡು ಕೊಟೇಷನ್ನುಗಳನ್ನು ಹೋಲಿಸುವಾಗ ಒಟ್ಟು ಮೊತ್ತಕ್ಕೆ ಮುಂಚೆ ಐಸೊಲೇಟರುಗಳ ಸಂಖ್ಯೆಯನ್ನೂ, ಮರಳಿ ಬರುವ ತಂತಿಯ ಉದ್ದ ಲೆಕ್ಕಕ್ಕೆ ಸೇರಿದೆಯೇ ಎಂಬುದನ್ನೂ ನೋಡಬೇಕು. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದರೆ ಲೂಪ್ ಮಾಡಿದ ಉದ್ದೇಶವೇ ವ್ಯರ್ಥ. ಪೈಪ್ ಸುಟ್ಟರೆ ಎರಡೂ ಸುಡುತ್ತವೆ.

ನಮ್ಮ ಹವೆಗೆ ಸಂಬಂಧಿಸಿದ ಎರಡು ಮಾತು. ತುಲಾ ಮಾಸದ ಸಿಡಿಲಿನ ಪರಿಚಯ ಇಲ್ಲಿಯವರಿಗೆ ಬೇಕಾಗಿಲ್ಲ. ಗೋದಾಮಿನಿಂದ ಕಚೇರಿಗೆ ಅಂಗಳದ ಮೇಲಿನಿಂದ ತಂತಿ ಎಳೆದಿದ್ದರೆ ಎರಡೂ ಕೊನೆಗಳಲ್ಲಿ ಸಿಡಿಲು ರಕ್ಷಕ ಇರಲೇಬೇಕು. ತಂತಿಯ ಲೋಹದ ಹೊದಿಕೆಯನ್ನು ಪ್ರತಿ ಡಿಟೆಕ್ಟರಿನಲ್ಲೂ ಕಡಿಯದೆ ಮುಂದುವರಿಸಿ ಪ್ಯಾನೆಲ್ಲಿನ ಬಳಿ ಮಾತ್ರ ಭೂಸಂಪರ್ಕ ಕೊಡುವುದು ಸಾಮಾನ್ಯ ಕ್ರಮ. ಎರಡನೆಯದು ಆಟಿಯ ತೇವ. ಕಳಪೆ ಜೋಡಣೆಯಲ್ಲಿ ಮಳೆಗಾಲದುದ್ದಕ್ಕೂ ಭೂಸಂಪರ್ಕ ದೋಷದ ಬಝರ್ ಕೂಗುತ್ತಲೇ ಇರುತ್ತದೆ. ಕೊನೆಗೆ ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ. ತಂತಿಯ ನಿರೋಧಕತೆಯನ್ನು ಮೆಗ್ಗರ್‌ನಿಂದ ಪರೀಕ್ಷಿಸುವುದು ಡಿಟೆಕ್ಟರುಗಳನ್ನು ಜೋಡಿಸುವ ಮುನ್ನ ಆಗಬೇಕು. ಜೋಡಿಸಿದ ಮೇಲೆ 500 ವೋಲ್ಟ್ ಹಾಯಿಸಿದರೆ ಇಡೀ ಲೂಪಿನ ಸೂಕ್ಷ್ಮ ಭಾಗಗಳು ಹಾಳಾಗಬಹುದು. ಈ ಪರೀಕ್ಷೆಯ ವರದಿಯನ್ನು ಬಿಲ್ಲಿನ ಜೊತೆ ಕೇಳಿ ಪಡೆಯಿರಿ.

ಎಲ್ಲ ಕೋಣೆಗೂ ಒಂದೇ ಡಿಟೆಕ್ಟರ್ ಸಲ್ಲದು

ರಬ್ಬರ್ ಶೀಟ್ ಒಣಗಿಸುವ ಸ್ಮೋಕ್ ಹೌಸಿನಲ್ಲಿ ಹೊಗೆ ಡಿಟೆಕ್ಟರ್ ಹಾಕುವುದು ಹಾಸ್ಯಾಸ್ಪದ ಎಂದು ಯಾರಿಗೂ ಹೊಳೆಯುತ್ತದೆ. ಅಲ್ಲಿ ಶಾಖ ಡಿಟೆಕ್ಟರ್ ಬೇಕು. ಆದರೆ ಸಾಮಾನ್ಯ ಶಾಖ ಡಿಟೆಕ್ಟರ್ 57 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆ ಬಾರಿಸುತ್ತದೆ. ಸ್ಮೋಕ್ ಹೌಸಿನ ಒಳಗಿನ ಉಷ್ಣತೆಯೇ 60ರವರೆಗೆ ಹೋಗುತ್ತದೆ! ಅಂಥಲ್ಲಿ ಹೆಚ್ಚಿನ ಉಷ್ಣತೆಯ ದರ್ಜೆಯದನ್ನು ಆರಿಸಬೇಕು. ಅಡಿಕೆ ಡ್ರೈಯರ್ ಕೋಣೆಗೂ ಇದೇ ಮಾತು. ಸುಳ್ಳು ಗಂಟೆ ನಾಲ್ಕು ಬಾರಿ ಬಾರಿಸಿದರೆ ಐದನೆಯ ಬಾರಿ ಕಾವಲುಗಾರ ಏಳುವುದಿಲ್ಲ.

ಇನ್ನು ಕಂಪೆನಿಗಳ ‘ಭಾಷೆ’ಯ ವಿಚಾರ. ಪ್ಯಾನೆಲ್ಲಿಗೂ ಡಿಟೆಕ್ಟರಿಗೂ ನಡೆಯುವ ಸಂಭಾಷಣೆಗೆ ಪ್ರೊಟೊಕಾಲ್ ಎಂದು ಹೆಸರು. ಒಂದು ತಯಾರಕರ ಪ್ರೊಟೊಕಾಲ್ ಇನ್ನೊಬ್ಬರ ಪ್ಯಾನೆಲ್ಲಿಗೆ ಅರ್ಥವಾಗುತ್ತದೆ ಎಂಬ ಭರವಸೆ ಇಲ್ಲ. ಈ ಭಾಗದ ನನ್ನ ಕಕ್ಷಿದಾರರೊಬ್ಬರ ಗೋದಾಮಿನಲ್ಲಿ ಕೆಟ್ಟ ಮೂರು ಡಿಟೆಕ್ಟರುಗಳಿಗೆ ಬದಲಾಗಿ ನಿರ್ವಹಣೆಯ ಗುತ್ತಿಗೆದಾರರು ಅಗ್ಗದ ಬೇರೆ ಕಂಪೆನಿಯವನ್ನು ಹಾಕಿದರು. ನೋಟಕ್ಕೆ ಒಂದೇ ತೆರ. ಪ್ಯಾನೆಲ್ ಅವನ್ನು ಗುರುತಿಸಲಿಲ್ಲ. ದೋಷದ ದೀಪ ಉರಿಯುತ್ತಲೇ ಇತ್ತು. ಗುತ್ತಿಗೆದಾರರು ಆ ಮೂರು ಸಂಖ್ಯೆಗಳನ್ನು ಪ್ಯಾನೆಲ್ಲಿನಲ್ಲಿ ನಿಷ್ಕ್ರಿಯಗೊಳಿಸಿ ಹೋದರು. ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆ ಹೋದಾಗ ಪ್ಯಾನೆಲ್ಲಿನ ಪರದೆಯ ಮೇಲೆ ‘ನಿಷ್ಕ್ರಿಯ 3’ ಎಂದಿದ್ದುದು ನಮ್ಮ ಸಹಾಯಕರ ಕಣ್ಣಿಗೆ ಬಿತ್ತು. ಆ ಮೂರರ ಕೆಳಗೆ ಇದ್ದುದು ಗೋದಾಮಿನ ಅತ್ಯಂತ ಬೆಲೆಬಾಳುವ ಅಡಿಕೆಯ ಅಟ್ಟಿ. ಪಾಲಿಸಿಯಲ್ಲಿ ಅಲಾರ್ಮ್ ಸುಸ್ಥಿತಿಯಲ್ಲಿರಬೇಕೆಂಬ ಷರತ್ತು ಇದ್ದು ಆ ಅವಧಿಯಲ್ಲಿ ಬೆಂಕಿ ಬಿದ್ದಿದ್ದರೆ ಸರ್ವೇಯರ್ ಮುಂದೆ ಏನು ಉತ್ತರ ಕೊಡಬಹುದಿತ್ತು?

ಪ್ಯಾನೆಲ್ಲಿನ ನೆನಪಿನಲ್ಲಿ ಪ್ರತಿ ಘಟನೆಯೂ ದಿನ, ಗಂಟೆ, ನಿಮಿಷಗಳೊಡನೆ ದಾಖಲಾಗುತ್ತದೆ ಎಂಬುದನ್ನು ಮರೆಯಬಾರದು. ಇದು ಎರಡೂ ಕಡೆ ಹರಿತವಿರುವ ಕತ್ತಿ. ಮೊದಲು ಹೊಗೆ ಕಂಡ ಡಿಟೆಕ್ಟರ್ ಯಾವುದೆಂಬುದು ಬೆಂಕಿಯ ಮೂಲಕ್ಕೆ ಸಾಕ್ಷಿ. ತಿಂಗಳುಗಟ್ಟಲೆ ಅಲಕ್ಷಿಸಿದ ದೋಷಕ್ಕೂ ಅದೇ ಸಾಕ್ಷಿ. ಹೊಗೆ ಕಂಡಲ್ಲಿಯೇ ಬೆಂಕಿ ಇರುತ್ತದೆಂಬ ನಿಯಮವಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಮಾರ್ಗದ ಮೂಲಕ ಹೊಗೆ ಮೇಲಂತಸ್ತುಗಳನ್ನು ತುಂಬಿತು. 9 ಜನ ಪ್ರಾಣ ಕಳೆದುಕೊಂಡರು. ಉಸಿರುಕಟ್ಟಿ ಕಿಟಕಿಗಳಿಂದ ಧುಮುಕಿದವರೂ ಅವರಲ್ಲಿದ್ದರು. ತಂತಿ ಮಾರ್ಗದಲ್ಲಿ, ಮೀಟರ್ ಕೋಣೆಯಲ್ಲಿ, ಸುಳ್ಳು ಛಾವಣಿಯ ಮೇಲ್ಭಾಗದಲ್ಲಿ ಡಿಟೆಕ್ಟರ್ ಏಕೆ ಬೇಕು ಎಂಬ ಪ್ರಶ್ನೆ ಆಮೇಲೆ ಏಳಬಾರದಾಗಿತ್ತು. ಆದರೂ ಕೊಟೇಷನ್ ತಗ್ಗಿಸುವಾಗ ಹೊಡೆತ ಬೀಳುವುದು ಕಣ್ಣಿಗೆ ಕಾಣದ ಈ ಜಾಗಗಳಿಗೇ.

ವಿಮೆಯ ಬಗ್ಗೆ ಒಂದು ಸೂಚನೆ. ಹಳೆಯ ಸ್ಟಾಂಡರ್ಡ್ ಫೈರ್ ಪಾಲಿಸಿಯ ಒಕ್ಕಣೆಯಲ್ಲಿ, ಕಾಯಿಸುವ ಅಥವಾ ಒಣಗಿಸುವ ಪ್ರಕ್ರಿಯೆಗೆ ಒಳಪಟ್ಟ ಸರಕಿಗೆ ಆ ಪ್ರಕ್ರಿಯೆಯಿಂದಲೇ ಆದ ನಷ್ಟವನ್ನು ಹೊರಗಿಟ್ಟಿದ್ದರು. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಬಂದಿವೆ. ಡ್ರೈಯರ್, ಸ್ಮೋಕ್ ಹೌಸ್ ಇರುವವರು ತಮ್ಮ ಪಾಲಿಸಿಯ ಹೊರತುಪಡಿಕೆಗಳನ್ನು ಒಮ್ಮೆ ಓದಿಸಿ ಕೇಳುವುದು ಒಳಿತು.

ತೆರಿಗೆಯ ದೃಷ್ಟಿಯಿಂದ ಪ್ಯಾನೆಲ್ ಮತ್ತು ಡಿಟೆಕ್ಟರುಗಳು, ತಂತಿ ಎಳೆದ ಕೆಲಸ, ಚಾಲನೆಗೊಳಿಸಿದ ಶುಲ್ಕ ಇವುಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಲು ಹೇಳಿ. ಕಟ್ಟಡದ ಒಟ್ಟು ಗುತ್ತಿಗೆಯಲ್ಲಿ ಅದು ಕರಗಿಹೋದರೆ ಜಿಎಸ್‌ಟಿ ಕಾಯಿದೆಯ 17(5)ನೇ ಪ್ರಕರಣದ ತಡೆ ಎದುರಾಗುತ್ತದೆ. ಯಂತ್ರೋಪಕರಣಕ್ಕೆ ಅಲ್ಲಿ ಇರುವ ವಿನಾಯಿತಿಯನ್ನು ವಾದಿಸಲು ಕಾಗದವಾದರೂ ಕೈಯಲ್ಲಿರಬೇಕು.

ಎಲ್ಲರಿಗೂ ಈ ವ್ಯವಸ್ಥೆ ಬೇಕೆಂದು ನನ್ನ ಅಭಿಪ್ರಾಯವಲ್ಲ. ಎರಡು ಕೋಣೆಯ ಗೋದಾಮಿಗೆ ಸಾಂಪ್ರದಾಯಿಕ ಪ್ಯಾನೆಲ್ ಧಾರಾಳ ಸಾಕು, ಉಳಿದ ಹಣದಲ್ಲಿ ಹಳೆಯ ವೈರಿಂಗ್ ಬದಲಿಸಿರಿ. ಬೀಗ ಹಾಕಿದ ಹತ್ತಾರು ಕೋಣೆಗಳಿರುವಲ್ಲಿ ಮಾತ್ರ ಅಡ್ರೆಸೆಬಲ್ ಯೋಗ್ಯ. ಹಾಕಿಸುವುದಾದರೆ ಬಿಲ್ಲಿನ ಕೊನೆಯ ಕಂತನ್ನು ತಡೆದಿಟ್ಟುಕೊಂಡು, ಭಾರತೀಯ ಮಾನಕ ಐಎಸ್ 2189ಕ್ಕೆ ಅನುಗುಣವಾಗಿ ಕೆಲಸವಾಗಿದೆ ಎಂಬ ಲಿಖಿತ ಪತ್ರ ಪಡೆಯಿರಿ. ನಿಮ್ಮವರೇ ಒಬ್ಬರು ಪ್ಯಾನೆಲ್ಲಿನ ಮುಂದೆ, ಮತ್ತೊಬ್ಬರು ತಂತ್ರಜ್ಞರ ಜೊತೆ ನಿಂತು ಪ್ರತಿ ಡಿಟೆಕ್ಟರಿಗೂ ಪರೀಕ್ಷಾ ಹೊಗೆ ತೋರಿಸಿ, ಪರದೆಯ ಮೇಲೆ ಬಂದ ಹೆಸರು ಕೋಣೆಯ ಹೆಸರಿಗೆ ತಾಳೆಯಾಗುವುದೇ ಎಂದು ಗುರುತು ಹಾಕಿಕೊಳ್ಳಿ. ಬಣ್ಣ ಬಳಿಯುವಾಗ ಹಾಕಿದ ಪ್ಲಾಸ್ಟಿಕ್ ಮುಚ್ಚಳ ತೆಗೆಯದೆ ಬಿಟ್ಟ ಡಿಟೆಕ್ಟರುಗಳೂ ಆಗಲೇ ಸಿಕ್ಕುತ್ತವೆ. ಸಂಖ್ಯೆಗಳ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಪ್ಯಾನೆಲ್ಲಿನ ಪಕ್ಕದಲ್ಲಿರಲಿ. ರಾತ್ರಿ ಎರಡು ಗಂಟೆಗೆ ಅದನ್ನು ಓದುವವನು ಕಾವಲುಗಾರ, ಇಂಜಿನಿಯರ್ ಅಲ್ಲ. ಲೂಪಿನ ನಕ್ಷೆ, ಪ್ಯಾನೆಲ್ಲಿನ ಪ್ರೋಗ್ರಾಂ ಕಡತ ಮತ್ತು ಪಾಸ್‌ವರ್ಡ್ ನಿಮ್ಮ ಕಚೇರಿಯ ಫೈಲಿಗೆ ಬರಲಿ. ಇವನ್ನು ಕೊಡದ ಸರಬರಾಜುದಾರರ ಬಳಿಯೇ ಮುಂದಿನ ಹತ್ತು ವರ್ಷ ನಿರ್ವಹಣೆಗೆ ನೀವು ಹೋಗಬೇಕಾಗುತ್ತದೆ, ಅವರು ಹೇಳಿದ ದರಕ್ಕೆ.