ಪರದೆ ಕೆಟ್ಟ ಲ್ಯಾಪ್‌ಟಾಪ್‌ನ ಸರ್ವರ್ ಬಳಕೆ

ಜಾಲದಲ್ಲಿರುವ ಇತರ ಗಣಕಯಂತ್ರಗಳಿಗೆ ಕಡತ, ಜಾಲಪುಟ ಮೊದಲಾದವುಗಳನ್ನು ಒದಗಿಸುವ ಗಣಕಯಂತ್ರವನ್ನು ಸರ್ವರ್ ಎನ್ನುತ್ತಾರೆ. ಇದನ್ನು ಬೇರೊಂದು ಯಂತ್ರದಿಂದಲೇ ನಿರ್ವಹಿಸಬಹುದಾದುದರಿಂದ ಇದಕ್ಕೆ ಸ್ವಂತ ಪರದೆಯ ಅಗತ್ಯವಿಲ್ಲ. ಆದಕಾರಣ ಪರದೆ ಒಡೆದು ಮೂಲೆ ಸೇರಿದ ಲ್ಯಾಪ್‌ಟಾಪ್ ಕೂಡ ಮನೆ ಅಥವಾ ಶಾಲೆಯ ಸಣ್ಣ ಸರ್ವರ್ ಆಗಬಲ್ಲದು.

ಪರೀಕ್ಷೆ

ಮೊದಲು ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಅಥವಾ ಟಿ.ವಿ.ಯನ್ನು ಜೋಡಿಸಿ ನೋಡಬೇಕು. ಅದರಲ್ಲಿ ಚಿತ್ರ ಸರಿಯಾಗಿ ಮೂಡಿದರೆ ದೋಷವಿರುವುದು ಪರದೆಯಲ್ಲಿ ಅಥವಾ ಅದರ ತಂತಿಯಲ್ಲಿ ಎಂದು ತಿಳಿಯಬಹುದು. ಅಲ್ಲಿಯೂ ಚಿತ್ರ ಮೂಡದಿದ್ದರೆ ಮದರ್‌ಬೋರ್ಡಿನಲ್ಲಿಯೇ ದೋಷವಿರುವ ಸಾಧ್ಯತೆಯುಂಟು. ಹಾರ್ಡ್ ಡಿಸ್ಕ್‌ನ ಸ್ಥಿತಿಯನ್ನೂ ಪರಿಶೀಲಿಸಬೇಕು.

ಸ್ಥಾಪನೆ

ಹೊರಗಿನ ಮಾನಿಟರ್ ಇರುವಾಗಲೇ ಡೆಬಿಯನ್ ಅಥವಾ ಉಬುಂಟು ಸರ್ವರ್‌ನಂತಹ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಥಾಪಿಸಲಾಗುತ್ತದೆ. ಚಿತ್ರಾತ್ಮಕ ಮುಖಪುಟವನ್ನು ಕೈಬಿಟ್ಟರೆ ಹಳೆಯ ಯಂತ್ರದ ಮೇಲಿನ ಹೊರೆ ತಗ್ಗುತ್ತದೆ. ಅನಂತರ ಮೂರು ವ್ಯವಸ್ಥೆಗಳು ಅಗತ್ಯ:

* ದೂರದಿಂದ ಸುರಕ್ಷಿತವಾಗಿ ಆದೇಶ ನೀಡಲು ಎಸ್‌ಎಸ್‌ಎಚ್ ಸೇವೆ. ಇದು ಸಾಮಾನ್ಯವಾಗಿ 22ನೆಯ ಪೋರ್ಟ್ ಬಳಸುತ್ತದೆ.
* ಮುಚ್ಚಳ ಮುಚ್ಚಿದಾಗ ಯಂತ್ರವು ನಿದ್ರಾಸ್ಥಿತಿಗೆ ಜಾರದಂತೆ ಸಂಯೋಜನೆ.
* ಯಂತ್ರದ ಐಪಿ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸುವಿಕೆ.

ಇವನ್ನು ಪರೀಕ್ಷಿಸಿದ ಮೇಲೆಯೇ ಮಾನಿಟರನ್ನು ತೆಗೆಯುವುದು ಕ್ಷೇಮ.

ಉಪಯೋಗಗಳು

ಮನೆಯವರೆಲ್ಲರ ಛಾಯಾಚಿತ್ರ ಹಾಗೂ ಕಡತಗಳ ಸಂಗ್ರಹಕ್ಕೆ ಇದನ್ನು ಬಳಸಬಹುದು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ವಿಕಿಪೀಡಿಯದ ಪ್ರತಿಯನ್ನು ಇಳಿಸಿಟ್ಟುಕೊಂಡರೆ, ಅಂತರಜಾಲ ಸಂಪರ್ಕವಿಲ್ಲದ ಶಾಲೆಯಲ್ಲಿಯೂ ಮಕ್ಕಳು ಸ್ಥಳೀಯ ಜಾಲದ ಮೂಲಕ ಅದನ್ನು ಓದಬಹುದು. ಕನ್ನಡ ವಿಕಿಪೀಡಿಯದ ಪ್ರತಿಯೂ ಈ ರೂಪದಲ್ಲಿ ದೊರೆಯುತ್ತದೆ.

ವಿದ್ಯುತ್ ಬಳಕೆ

ಯಂತ್ರವು ಸರಾಸರಿ 15 ವ್ಯಾಟ್ ಬಳಸುತ್ತದೆಂದು ಭಾವಿಸಿದರೆ, ಹಗಲಿರುಳು ನಡೆದಾಗ ದಿನಕ್ಕೆ 0.36 ಯೂನಿಟ್, 30 ದಿನಗಳಿಗೆ 10.8 ಯೂನಿಟ್ ಆಗುತ್ತದೆ. ವಿದ್ಯುತ್ ಕಡಿತವಾದಾಗ ಬ್ಯಾಟರಿಯು ಯಂತ್ರವನ್ನು ಸ್ವಲ್ಪ ಹೊತ್ತು ನಡೆಸುತ್ತದೆ. ಆದರೆ ರೂಟರ್‌ಗೆ ಪ್ರತ್ಯೇಕ ವ್ಯವಸ್ಥೆ ಬೇಕು.

ಎಚ್ಚರಿಕೆಗಳು

ಸದಾ ಪೂರ್ಣ ಚಾರ್ಜ್‌ನಲ್ಲಿ, ಬಿಸಿಯಲ್ಲಿ ಇರುವ ಲಿಥಿಯಂ ಅಯಾನ್ ಬ್ಯಾಟರಿಯು ಬೇಗ ಹಳತಾಗಿ ಉಬ್ಬಬಹುದು. ಉಬ್ಬಿದ ಬ್ಯಾಟರಿಯಿಂದ ಬೆಂಕಿಯ ಅಪಾಯವಿರುವುದರಿಂದ ಅದನ್ನು ಚುಚ್ಚದೆ, ಒತ್ತದೆ, ತಿಳಿದವರಿಂದ ತೆಗೆಸಬೇಕು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇದನ್ನು ಮನೆಯ ಕಸದೊಡನೆ ಬೆರೆಸುವಂತಿಲ್ಲ. ಕೆಲವು ಮಾದರಿಗಳಲ್ಲಿ ಚಾರ್ಜನ್ನು ಶೇ. 80ಕ್ಕೆ ಮಿತಿಗೊಳಿಸುವ ಸೌಲಭ್ಯವಿದೆ. ಗಾಳಿಯ ಕಿಂಡಿಗಳನ್ನು ಮುಚ್ಚಬಾರದು.

ಹಳೆಯ ಡಿಸ್ಕ್ ಮುನ್ಸೂಚನೆಯಿಲ್ಲದೆ ಕೆಡಬಹುದು. ಆದುದರಿಂದ ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಸರ್ವರನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡದೆ ಸ್ಥಳೀಯ ಜಾಲಕ್ಕೆ ಸೀಮಿತಗೊಳಿಸುವುದು ಮತ್ತು ತಂತ್ರಾಂಶವನ್ನು ಆಗಾಗ ನವೀಕರಿಸುವುದು ಸೂಕ್ತ.