ಘಟಪ್ರಭೆಯ ನಾಡಿನಲ್ಲಿ ಸ್ಕಾಟ್‌ಲೆಂಡಿನವರು

ಹುಕ್ಕೇರಿ ತಾಲೂಕನ್ನು ಹಾಯ್ದು ಮೂಡಲಿಗೆ ಸಾಗುವ ಘಟಪ್ರಭಾ ನದಿಯು ಗೋಕಾಕದ ಬಳಿ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತದೆ. ದಡದಲ್ಲಿರುವ ನೂಲಿನ ಗಿರಣಿ ಯಾರ ಕಾಲದ್ದೆಂದು ಕೇಳಿದರೆ ‘ಇಂಗ್ಲಿಷರ ಕಾಲದ್ದು’ ಎಂಬ ಉತ್ತರ ಬರುತ್ತದೆ. ಬೆಳಗಾವಿಯ ಕೋಟೆಯನ್ನು ಗೆದ್ದವರೂ ಇಂಗ್ಲಿಷರು, ಕಿತ್ತೂರಿನಲ್ಲಿ ಸೆರೆ ಸಿಕ್ಕವರೂ ಇಂಗ್ಲಿಷರು ಎಂದೇ ವಾಡಿಕೆಯ ಮಾತು. ಆದರೆ ಈ ಮೂರು ಸಂಗತಿಗಳೊಡನೆ ಹೆಸರು ಬೆರೆತಿರುವ ಮನ್ರೋ, ಫೋರ್ಬ್ಸ್, ಎಲಿಯಟ್ ಮೂವರೂ ಇಂಗ್ಲೆಂಡಿನವರಲ್ಲ, ಸ್ಕಾಟ್‌ಲೆಂಡಿನವರು.

ಬ್ರಿಟನ್ ದ್ವೀಪದ ಬಡಗಣ ಭಾಗವೇ ಸ್ಕಾಟ್‌ಲೆಂಡ್. ವಿಸ್ತಾರದಲ್ಲಿ ಅದು ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಜನಸಂಖ್ಯೆ ಸುಮಾರು 55 ಲಕ್ಷ. ಉತ್ತರದಲ್ಲಿ ಹೈಲ್ಯಾಂಡ್ಸ್ ಎಂಬ ಮಲೆಸೀಮೆ. ಅಲ್ಲಿಯ ಬೆನ್ ನೆವಿಸ್ ಶಿಖರ ಬ್ರಿಟನ್ನಿನಲ್ಲೇ ಎತ್ತರವಾದದ್ದು. ಆದರೂ 1,345 ಮೀಟರಿನ ಅದು ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳು. ನಡುವಣ ತಗ್ಗುನಾಡಿನಲ್ಲಿ ಗ್ಲಾಸ್ಗೋ, ಎಡಿನ್‌ಬರೋ ನಗರಗಳು. ದಕ್ಷಿಣದಲ್ಲಿ ಇಂಗ್ಲೆಂಡಿನ ಗಡಿಗೆ ತಾಗಿದ ಗುಡ್ಡಗಳು. 1603ರಲ್ಲಿ ಎರಡೂ ದೇಶಗಳಿಗೆ ಒಬ್ಬನೇ ಅರಸನಾದನು. 1707ರಲ್ಲಿ ಎಡಿನ್‌ಬರೋದ ಸಂಸತ್ತು ಇಲ್ಲವಾಯಿತು. ಮತ್ತೆ ಅಲ್ಲೊಂದು ಸಂಸತ್ತು ಕೂಡಿದ್ದು 1999ರಲ್ಲಿ. ಈ ನಡುವೆಯೂ ಸ್ಕಾಟರು ತಮ್ಮ ಕಾನೂನು, ಶಾಲೆ, ಚರ್ಚುಗಳನ್ನು ಬೇರೆಯಾಗಿಯೇ ಉಳಿಸಿಕೊಂಡರು. ಇಂಗ್ಲಿಷಿನ ಜೊತೆಗೆ ಗೇಲಿಕ್, ಸ್ಕಾಟ್ಸ್ ಎಂಬ ನುಡಿಗಳೂ ಅಲ್ಲಿ ಬದುಕಿವೆ. ಸ್ವಂತ ಸಂಸತ್ತನ್ನು ಕಳೆದುಕೊಂಡ ಆ ನಾಡಿನ ವಿದ್ಯಾವಂತ ತರುಣರು ಹೊಟ್ಟೆಪಾಡಿಗಾಗಿ ಈಸ್ಟ್ ಇಂಡಿಯಾ ಕಂಪನಿಯನ್ನು ಸೇರಿ, ಬೇರೆಯವರ ರಾಜ್ಯಗಳನ್ನು ಕಳೆಯಲು ಹೊರಟದ್ದು ಇತಿಹಾಸದ ವಿಪರ್ಯಾಸ.

1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಮನ್ರೋ 1818ರ ಏಪ್ರಿಲಿನಲ್ಲಿ ಪೇಶ್ವೆಯ ಕಡೆಯವರಿಂದ ಬೆಳಗಾವಿಯ ಕೋಟೆಯನ್ನು ಗೆದ್ದುಕೊಂಡನು. ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದವರಲ್ಲಿ ಅವನೇ ಪ್ರಮುಖ. ಅಬರ್ಡೀನ್ ಸೀಮೆಯ ಜಾನ್ ಫೋರ್ಬ್ಸ್ 1767ರಲ್ಲಿ ಮುಂಬಯಿಯಲ್ಲಿ ವ್ಯಾಪಾರದ ಕೋಠಿ ತೆರೆದನು. ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1880ರ ದಶಕದಲ್ಲಿ, ಘಟಪ್ರಭೆಯ ಜಲಶಕ್ತಿಯನ್ನು ನಂಬಿ ಎದ್ದ ಗೋಕಾಕ ಗಿರಣಿಯ ಆಡಳಿತ ಆ ಸಂಸ್ಥೆಯ ಕೈಗೆ ಬಂದಿತು.

ಮೂವರಲ್ಲಿ ಕನ್ನಡಿಗರಿಗೆ ಹೆಚ್ಚು ಬೇಕಾದವನು ವಾಲ್ಟರ್ ಎಲಿಯಟ್. 1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಈತನ ಮನೆತನ ಸ್ಕಾಟ್‌ಲೆಂಡಿನ ಗಡಿಸೀಮೆಯದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದಾಗ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು. ರಾಣಿಯು ಅವರ ಪ್ರಾಣಕ್ಕೆ ಕೇಡು ಬಗೆಯದೆ ಬಿಡುಗಡೆ ಮಾಡಿದಳು.

ಹಾಗೆ ಉಳಿದ ಜೀವ ಕನ್ನಡಕ್ಕೆ ದಕ್ಕಿತು. 1833ರವರೆಗೂ ಈ ಭಾಗದಲ್ಲಿದ್ದ ಎಲಿಯಟ್, ಊರೂರಿನ ಗುಡಿಗಳಲ್ಲಿಯೂ ಹೊಲಗಳಲ್ಲಿಯೂ ನಿಂತಿದ್ದ ಶಾಸನಗಳನ್ನು ಸ್ಥಳೀಯ ಪಂಡಿತರ ನೆರವಿನಿಂದ ಪ್ರತಿ ಮಾಡಿಸಿದನು. ಹೀಗೆ ಕೂಡಿದವು 595. ಅವುಗಳ ಆಧಾರದಿಂದ 1837ರಲ್ಲಿ ಅವನು ಪ್ರಕಟಿಸಿದ ಲೇಖನವು ಚಾಲುಕ್ಯರ ವಂಶಾವಳಿಯನ್ನು ವಿದ್ವಲ್ಲೋಕದ ಮುಂದಿಟ್ಟಿತು. ಕಚೇರಿ, ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಆ ದಿನಗಳಲ್ಲಿ, ಇದು ಕನ್ನಡದ ನೆಲ ಎಂಬುದಕ್ಕೆ ಆ ಕಲ್ಲುಗಳಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಧಾರವಾಡದಲ್ಲಿ ಕನ್ನಡ ಶಾಲೆಗಾಗಿ ಶ್ರಮಿಸಿದವರಲ್ಲಿಯೂ ಅವನು ಒಬ್ಬ.

ಮುಪ್ಪಿನಲ್ಲಿ ಎಲಿಯಟ್ಟನ ಕಣ್ಣು ಕಾಣದಾಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದು ಮುಗಿಸಿದನು. ತನ್ನ ಗಡಿನಾಡಿನ ಮನೆಯಲ್ಲಿ 1887ರ ಮಾರ್ಚ್ 1ರಂದು ಕೊನೆಯುಸಿರೆಳೆದನು. ಆ ಬೆಳಿಗ್ಗೆಯೂ ಅವನು ಹೇಳಿ ಬರೆಯಿಸಿ ಸಹಿ ಹಾಕಿದ್ದು ತಮಿಳು ಸಾಹಿತ್ಯದ ವಿಷಯವಾಗಿ ವಿದ್ವಾಂಸರೊಬ್ಬರಿಗೆ ಒಂದು ಪತ್ರ.